ಗುಡಿಸದ ಅಂಗಳದ ಮೇಷ್ಟ್ರು

ಅಂಗಳ ಗುಡಿಸದ ಮನೆಗೆ ಮುಂಬಾಗಿಲಿಂದ ಬರಲು ಸೂರ್ಯನಿಗೂ ನಾಚಿಕೆಯಂತೆ. ಅದಕ್ಕೇ ಅಂಥವರ ಮನೆಗೆ ಅವನು ಹಿತ್ತಲ ಕಡೆಯಿಂದ, ತಡವಾಗಿ ಬರುತ್ತಾನಂತೆ. ನನ್ನ ಅಜ್ಜಿ ಹೇಳಿದ್ದು. ಅಜ್ಜಿಯ ಕತೆಗಳಲ್ಲಿ ಮೊಲ ಆನೆಗೆ ಹೆಣ್ಣು ನೋಡಿಕೊಡುತ್ತದೆ, ಆಮೆ ಮಳೆಯನ್ನು ಕದ್ದು ಚಿಪ್ಪಿನೊಳಗೆ ಬಚ್ಚಿಡುತ್ತದೆ, ಏನು ಬೇಕಾದರೂ ನಡೆಯುತ್ತದೆ. ಆದರೆ ಅಂಗಳ ಗುಡಿಸದೆ ಮನೆಯಿಂದ ಹೊರಟ ಪ್ರಾಣಿ ಮಾತ್ರ ಒಂದು ಕತೆಯಲ್ಲೂ ಇಲ್ಲ. ಕತ್ತೆಕಿರುಬ ಕೂಡ ಗುಡಿಸಿಟ್ಟೇ ಕಳ್ಳತನಕ್ಕೆ ಹೋಗುವುದು.

ನಮ್ಮ ಕಂಫಾತ ಊರಿನಲ್ಲಿ ಕೋಳಿಗಿಂತ ಮೊದಲು ಕೂಗುವುದು ಪೊರಕೆ. ಬೆಳಗಾಗುವಷ್ಟರಲ್ಲಿ ಪ್ರತಿ ಮನೆಯ ಮುಂದೆ ಕೆಂಪು ಮಣ್ಣು ತಲೆ ಬಾಚಿಸಿಕೊಂಡ ಹಾಗೆ ಗೀರುಗೀರಾಗಿ ಮಲಗಿರುತ್ತದೆ. ಯಾರು ಬಂದರು, ಯಾರ ಮೇಕೆ ಬಂತು, ಹಾವು ಯಾವ ಕಡೆ ಹೋಯಿತು, ಎಲ್ಲ ಅದರ ಮೇಲೆ ಓದಬಹುದು. ಗುಡಿಸದೆ ಬಿಡುವುದು ಸಾವಿನ ಮನೆಯವರು ಮಾತ್ರ. ಹೆಣ ಮಣ್ಣಾಗಿ, ಮೂರನೆಯ ದಿನ ಹಿರಿಯಳೊಬ್ಬಳು ಮೊದಲ ಪೊರಕೆ ಎಳೆಯುವ ತನಕ ಆ ಅಂಗಳದ ಎಲೆ ಬಿದ್ದಲ್ಲೇ ಇರಬೇಕು.

ಇಂಥ ಊರಿಗೆ ಅಳಿಯನಾಗಿ ಬಂದವನು ವೈಸನ್.

ನಮ್ಮಲ್ಲಿ ಹೆಣ್ಣು ಹುಟ್ಟಿದ ಊರು ಬಿಡುವುದಿಲ್ಲ. ಗಂಡೇ ಒಂದು ಚಾಪೆ, ಒಂದು ಗುದ್ದಲಿ ಹೊತ್ತುಕೊಂಡು ಬರುತ್ತಾನೆ. ಸರಿಯಾಗಿದ್ದರೆ ಇರುತ್ತಾನೆ, ಇಲ್ಲವಾದರೆ ಹೆಂಡತಿಯ ಸೋದರಮಾವ ಅದೇ ಚಾಪೆ ಸುತ್ತಿ, ಅದೇ ಗುದ್ದಲಿ ಕೊಟ್ಟು, ಬಂದ ದಾರಿ ತೋರಿಸುತ್ತಾನೆ. ವೈಸನ್ ಭಾವ ನನ್ನ ದೊಡ್ಡಮ್ಮನ ಮಗಳು ಎನೆಲೆಸಿಯನ್ನು ಮದುವೆಯಾಗಿ ಬಂದು ಎಂಟು ವರ್ಷ. ಚಾಪೆ ಮೂರು ಸಲ ಹರಿದು ಬದಲಾಯಿತು. ಗುದ್ದಲಿ ಮಾತ್ರ ಅಂಗಡಿಯಿಂದ ತಂದ ಹೊಳಪು ಕಳೆದುಕೊಂಡಿರಲಿಲ್ಲ.

ಕೆಟ್ಟವನಲ್ಲ ಪಾಪ. ಮಾತುಗಾರ. ಮಾವಿನ ಮರದ ಬುಡದಲ್ಲಿ ಕೂತು ಒಂದು ಸುಳ್ಳು ಶುರು ಮಾಡಿದರೆ, ನೀರಿಗೆ ಹೊರಟ ಹೆಂಗಸರು ಖಾಲಿ ಕೊಡ ಹೊತ್ತೇ ನಿಂತುಬಿಡುತ್ತಿದ್ದರು. ಆದರೆ ಸುಳ್ಳಿನಿಂದ ಮೆಕ್ಕೆಜೋಳ ಬೆಳೆಯುವುದಿಲ್ಲವಲ್ಲ.

ಆ ವರ್ಷ ಎನೆಲೆಸಿ ಅಕ್ಕ, ಕೆಲಸಕ್ಕೆಂದು ಸಲೀಮಾ ಪಟ್ಟಣದಲ್ಲಿದ್ದ ತಂಗಿಯ ಬಾಣಂತನಕ್ಕೆ ಹೋದಳು. ಎರಡು ತಿಂಗಳು. ಹೋದ ದಿನದಿಂದ ಮಾವಿನ ಮರ ಎಲೆ ಉದುರಿಸತೊಡಗಿತು, ವೈಸನ್ ಭಾವ ಅದನ್ನು ನೋಡತೊಡಗಿದ. ಗಂಡಸು ಪೊರಕೆ ಹಿಡಿದರೆ ಊರು ನಗುತ್ತದೆ ಎಂಬುದು ಅವನ ವಾದ. ಎಲೆಯ ಮೇಲೆ ಜೋಳದ ಸಿಪ್ಪೆ ಬಿತ್ತು, ಸಿಪ್ಪೆಯ ಮೇಲೆ ಮೇಕೆ ಹಿಕ್ಕೆ ಬಿತ್ತು, ಅದರ ಮೇಲೆ ಮತ್ತೆ ಎಲೆ. ಬಚ್ಚಲ ತಟ್ಟಿಯ ನೀರು ಇದೆಲ್ಲದರ ಅಡಿಯಲ್ಲಿ ಹರಿದು ಎಲ್ಲಿ ಹೋಗುತ್ತಿತ್ತೋ ದೇವರಿಗೇ ಗೊತ್ತು. ಮಲಗಿದಲ್ಲಿಂದಲೇ ಕಿಟಕಿಯಾಚೆ ಉಗಿದ ಕುಂಬಳದ ಬೀಜವೊಂದು ಮೊಳೆತು, ಬಳ್ಳಿಯಾಗಿ, ಗೋಡೆ ಹತ್ತಿ, ಅದೇ ಕಿಟಕಿಯಿಂದ ಒಳಗೆ ಇಣುಕಿ ನೋಡುತ್ತಿತ್ತು. ಅಕ್ಕ ಫೋನು ಮಾಡಿದಾಗಲೆಲ್ಲ ಭಾವ, ಅಂಗಳ ಕನ್ನಡಿ ಹಾಗಿದೆ, ಮುಖ ನೋಡಿಕೊಂಡೇ ಗಡ್ಡ ಕೆರೆದೆ ಎನ್ನುತ್ತಿದ್ದ.

ಕೊನೆಗೊಂದು ಬುಧವಾರ ಸಂಡಿಫೋಲೊ ಮಾವ ಬಂದ. ಅವನು ಅಕ್ಕನಿಗೂ ನನಗೂ ಸೋದರಮಾವ, ಅಜ್ಜಿಯ ಹಿರಿಮಗ, ಮೇಲಾಗಿ ಕಂಫಾತದ ಮುಖ್ಯಸ್ಥ. ಒಂದೇ ದೇಹದಲ್ಲಿ ಎರಡು ಅಧಿಕಾರ. ಎಲೆಯೊಳಗೆ ಮೊಣಕಾಲಿನವರೆಗೆ ಹೂತುಕೊಂಡೇ ತೀರ್ಪು ಹೇಳಿದ.

"ಬರೋ ವಾರ ಶನಿವಾರ ಎನೆಲೆಸಿ ಬರ್ತಾಳೆ. ಅಷ್ಟರೊಳಗೆ ಈ ಅಂಗಳದ ಮಣ್ಣು ನನ್ನ ಕಣ್ಣಿಗೆ ಕಾಣಬೇಕು. ಕಾಣಲಿಲ್ಲವೋ, ಮನೆಯವರನ್ನೆಲ್ಲ ಕೂರಿಸಿ ನಿನ್ನ ಚಾಪೆ ಸುತ್ತಿಸ್ತೀನಿ ಅಳಿಯ. ಇದು ಮಾವನಾಗಿ ಹೇಳ್ತಿರೋದು."

ಭಾವನ ಮುಖ ಬಾಡಿತು. ಚಾಪೆ ಹೋಗಲಿ, ಎನೆಲೆಸಿಯನ್ನು ಬಿಟ್ಟು ಅವನಿಗೆ ಬೇರೆ ಊರೂ ಇರಲಿಲ್ಲ, ಬೇರೆ ಮಾತೂ ಇರಲಿಲ್ಲ. ನಾಳೆಯೇ ಗುಡಿಸುತ್ತೇನೆ ಮಾವಾ ಎಂದ. ನಿಜವಾಗಿ ಗುಡಿಸುತ್ತಿದ್ದನೇನೋ. ಆದರೆ ಮರುದಿನ ಒಂದು ಬಿಳಿ ವಾಹನ ಇಂಜಿನ್ ಕುದಿದು ನಮ್ಮ ದಾರಿಯಲ್ಲಿ ನಿಂತಿತು.

ಇಳಿದವಳು ಮಿಸ್ ವಾನಂಗ್ವಾ. ರಾಜಧಾನಿ ಲಿಲೊಂಗ್ವೆಯ ಯಾವುದೋ ಯೋಜನೆಯವಳು, ಉತ್ತರದ ಕಡೆಯ ಹುಡುಗಿ, ಕತ್ತಿನಲ್ಲಿ ಮೂರು ಗುರುತಿನ ಚೀಟಿ. ವಾಹನಕ್ಕೆ ನೀರು ಕೇಳಲು ಬಂದವಳು ಅಂಗಳ ನೋಡಿ ನೀರನ್ನೇ ಮರೆತಳು. ಮಂಡಿಯೂರಿ ಪೆನ್ನಿನಿಂದ ಎಲೆ ಸರಿಸಿದಳು. ಕೆಳಗೆ ಕಪ್ಪಗೆ, ಒದ್ದೆಯಾಗಿ ಮಣ್ಣು, ಅದರಲ್ಲಿ ಎರೆಹುಳು.

"ಎಷ್ಟು ದಿನದಿಂದ ಮಾಡ್ತಿದೀರಿ ಇದನ್ನ?"

ಭಾವನಿಗೆ ಇವಳನ್ನೂ ಮಾವನೇ ಕಳಿಸಿರಬೇಕು ಎನ್ನಿಸಿತು. "ನಾನೇನೂ ಮಾಡಿಲ್ಲ ಮೇಡಂ. ಎರಡು ತಿಂಗಳಾಯ್ತು. ಆಣೆಗೂ ಏನೂ ಮಾಡಿಲ್ಲ."

ಮಿಸ್ ವಾನಂಗ್ವಾ ಕಣ್ಣು ಮುಚ್ಚಿದಳು. "ಏನೂ ಮಾಡಿಲ್ಲ," ಎಂದು ತಾನೂ ಒಮ್ಮೆ ಅಂದುಕೊಂಡಳು. ಅವರ ಪಾಠದ ಪುಸ್ತಕದ ಮೂರನೆಯ ಅಧ್ಯಾಯ ಅದೇ ಆಗಿತ್ತಂತೆ: ನಿಸರ್ಗದ ಕೆಲಸಕ್ಕೆ ಕೈ ಹಾಕದಿರುವುದು. ಜನಕ್ಕೆ ಅದನ್ನು ಅರ್ಥ ಮಾಡಿಸಲು ಆರು ವರ್ಷದಿಂದ ಹೆಣಗುತ್ತಿದ್ದಾರಂತೆ. ಬೆಂಕಿ ಹಾಕಲಿಲ್ಲವೇ ಎಂದು ಕೇಳಿದಳು. ಬೆಂಕಿಪೆಟ್ಟಿಗೆ ಎಲ್ಲಿದೆ ಅಂತ ಹೆಂಡತಿಗೇ ಗೊತ್ತು ಎಂದ ಭಾವ. ಅವಳು ಪುಸ್ತಕದಲ್ಲಿ "ಮಹಿಳೆಯರ ಜ್ಞಾನಕ್ಕೆ ಗೌರವ" ಎಂದು ಬರೆದುಕೊಂಡಳು. ಬರೆಯುವಾಗ ನಾನು ನೀರಿನ ಚೊಂಬು ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಮುಂದಿನದೆಲ್ಲ ಅಜ್ಜಿಯ ಕತೆಗಳಲ್ಲಿ ನಡೆಯುವ ವೇಗದಲ್ಲಿ ನಡೆಯಿತು. ಭಾನುವಾರ ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ವೈಸನ್ ಭಾವನ ಅಂಗಳದ ಅಂಚಿನಲ್ಲಿ ಆಳೆತ್ತರದ ಹಲಗೆ ನಿಂತಿತ್ತು: "ಕಂಫಾತ ಸಮುದಾಯ ಕಲಿಕಾ ಕೇಂದ್ರ. ಪರಿಸರಸ್ನೇಹಿ ಪರ್ಯಾಯ ಅಭಿವೃದ್ಧಿ." ಸೋಮವಾರದಿಂದ ಐದು ದಿನ ಪಾಠ. ಶನಿವಾರ ಬೆಳಿಗ್ಗೆ ದೂರದೇಶದಿಂದ ದೊಡ್ಡವರು ನೋಡಲು ಬರುತ್ತಾರೆ. ಅಲ್ಲಿಯ ತನಕ ಒಂದೇ ಒಂದು ಎಲೆಯನ್ನೂ ಯಾರೂ ಮುಟ್ಟಕೂಡದು. ಮುಖ್ಯ ಬೋಧಕ: ಶ್ರೀ ವೈಸನ್.

ಸಂಡಿಫೋಲೊ ಮಾವ ಎರಡು ಗಂಟೆ ಆ ಹಲಗೆಯ ಮುಂದೆ ನಿಂತ. ನಮ್ಮ ಊರಿನ ಹೆಸರನ್ನು ಬಣ್ಣದಲ್ಲಿ ಬರೆದದ್ದನ್ನು ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ. ನಕ್ಷೆಯವರು ಬಿಟ್ಟಿದ್ದರು, ಬಸ್ಸಿನವರು ಬಿಟ್ಟಿದ್ದರು, ಮತದಾರರ ಪಟ್ಟಿಯಲ್ಲಿ ಪಕ್ಕದ ಊರಿನ ಬಾಲಕ್ಕೆ ಕಟ್ಟಿದ್ದರು. ಅವನು "ಕಂ" ಅನ್ನು ಬೆರಳಿನಿಂದ ಸವರಿದ. ಬಣ್ಣ ಇನ್ನೂ ಹಸಿ. ಬೆರಳು ಒರೆಸಿಕೊಳ್ಳಲೂ ಇಲ್ಲ.

"ಮುಖ್ಯಸ್ಥನಾಗಿ ಹೇಳ್ತೀನಿ, ನೀನು ಈ ಊರಿನ ಕೀರ್ತಿ," ಎಂದ.

"ಹಾಗಾದ್ರೆ ಚಾಪೆ ಮಾವಾ?"

"ಅದು ಮಾವನ ಇಲಾಖೆ. ಶನಿವಾರ ಬೆಳಿಗ್ಗೆ ದೊಡ್ಡವರಿಗೆ ಎಲೆ ಇರಬೇಕು. ಮಧ್ಯಾಹ್ನ ಎನೆಲೆಸಿಗೆ ಎಲೆ ಇರಬಾರದು. ನಡುವೆ ಏನು ಮಾಡ್ಕೋತೀಯೋ ನಿನ್ನ ಸಂಗತಿ."

ಬೆಳಗಿಗೂ ಮಧ್ಯಾಹ್ನದ ಬಸ್ಸಿಗೂ ನಡುವೆ ಮೂರು ಗಂಟೆ. ಎರಡು ತಿಂಗಳ ಎಲೆ. ಭಾವ ಆವತ್ತು ಊಟ ಮಾಡಲಿಲ್ಲ. ಅಕ್ಕನಿಗೆ ಫೋನಿನಲ್ಲಿ ಹೇಳಿಬಿಡು ಎಂದೆ. ಏನಂತ ಹೇಳಲಿ, ಕನ್ನಡಿ ಮೇಲೆ ಹಲಗೆ ನೆಟ್ಟಿದಾರೆ ಅಂತ ಹೇಳಲಾ ಎಂದು ಕೇಳಿದ. ಅದೇ ದಿನ ಫೋನಿನ ಚಾರ್ಜೂ ಮುಗಿಯಿತು. ಚಾರ್ಜು ಹಾಕಿಸಲು ಸಂತೆಪೇಟೆಗೆ ಹೋಗಬೇಕು, ಮುಖ್ಯ ಬೋಧಕನಿಗೆ ಪುರುಸೊತ್ತೆಲ್ಲಿ?

ಪಾಠಕ್ಕೆ ಮೂವತ್ತೆರಡು ಜನ ಬಂದರು. ಹಸಿರು ಟೋಪಿ ಕೊಡುತ್ತಾರೆ, ಮಧ್ಯಾಹ್ನ ಹುರುಳಿಕಾಯಿ ಬೀಜದ ಸಾರು, ನ್ಸಿಮಾ ಮುದ್ದೆ, ಕುಡಿಯಲು ಜೋಳದ ಥೋಬ್ವಾ ಇರುತ್ತದೆ ಎಂದು ಸುದ್ದಿಯಾಗಿತ್ತು. ನನ್ನ ಅಕ್ಷರ ದುಂಡಗಿದೆ ಎಂದು ಟಿಪ್ಪಣಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಭಾವ ಎದ್ದು ನಿಂತ. ಎದುರಿನ ಮೂವತ್ತೆರಡು ಮುಖ ನೋಡಿ, "ಮೊದಲು ಕೂತ್ಕೊಳ್ಳೋಣ" ಎಂದು ಕೂತುಬಿಟ್ಟ. ಮಿಸ್ ವಾನಂಗ್ವಾ ಗೋಡೆಗೆ ತೂಗುಹಾಕಿದ ದೊಡ್ಡ ಹಾಳೆಯ ಮೇಲೆ ಬರೆದಳು: ಪಾಠ ಒಂದು, ವೀಕ್ಷಣೆ. ಕುಂಬಳದ ಬಳ್ಳಿಯ ಬಗ್ಗೆ ಕೇಳಿದಾಗ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಎದ್ದು ಹೋಗಲು ಬೇಜಾರಾಗಿ ಮಲಗಿದಲ್ಲಿಂದಲೇ ಉಗಿದೆ. ಅದು ಪಾಠ ನಾಲ್ಕಾಯಿತು: ಮನೆಗೆ ಹತ್ತಿರದ ಬೆಳೆ, ಕಡಿಮೆ ಶ್ರಮ. ಪಾಪದ ಮನುಷ್ಯ ಎಂಟು ವರ್ಷ ಸುಳ್ಳು ಹೇಳಿದಾಗ ಯಾರೂ ನಂಬಿರಲಿಲ್ಲ. ಈಗ ಹೇಳಿದ ನಿಜವನ್ನೆಲ್ಲ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದರು.

ನನ್ನ ಅಜ್ಜಿ ಮುಂದಿನ ಸಾಲಿನಲ್ಲೇ ಟೋಪಿ ಹಾಕಿಕೊಂಡು ಕೂತಿದ್ದಳು. ಅಜ್ಜಿಯ ಮುಂದಿನ ಅಂಗಳದಲ್ಲಿ ಒಂದು ಎಲೆ ಸಿಕ್ಕುವುದಿಲ್ಲ, ಯಾಕೆಂದರೆ ದಿನವೂ ಗುಡಿಸಿದ್ದನ್ನೆಲ್ಲ ಬುಟ್ಟಿಗೆ ತುಂಬಿ ಹಿತ್ತಲ ಗುಂಡಿಗೆ ಹಾಕುತ್ತಾಳೆ. ಪಾತ್ರೆ ತೊಳೆದ ನೀರು ಬಾಳೆಗೆ, ಒಲೆಯ ಬೂದಿ ಸೊಪ್ಪಿಗೆ, ಜೋಳದ ಸಾಲಿನ ನಡುವೆ ತೊಗರಿ, ತೊಗರಿಯ ಕೆಳಗೆ ಕುಂಬಳ. ಅಜ್ಜಿ ಇದನ್ನು ತರಗತಿಯಲ್ಲಿ ಹೇಳಿದಳು. ಬೂದಿ ಎರಚಿದರೆ ಸೊಪ್ಪಿಗೆ ಹುಳ ಕೂರಲ್ಲ ಮಗಳೇ, ತೊಗರಿ ಹಾಕಿದ ಮಣ್ಣು ಮರುವರ್ಷ ಮೆತ್ತಗಿರುತ್ತೆ ಎಂದಳು.

"ನೋಡಿ, ಅಜ್ಜಿ ಈ ವಯಸ್ಸಲ್ಲಿ ಎಷ್ಟು ಬೇಗ ಕಲೀತಿದಾರೆ," ಎಂದಳು ಮಿಸ್ ವಾನಂಗ್ವಾ, ಎಲ್ಲರಿಂದ ಚಪ್ಪಾಳೆ ತಟ್ಟಿಸಿದಳು.

ಮರುದಿನ ಅದೇ ಬೂದಿ, ಅದೇ ತೊಗರಿ ದೊಡ್ಡ ಹಾಳೆಯ ಮೇಲೆ ಬಾಣದ ಗುರುತುಗಳೊಂದಿಗೆ ಬಂದಿತ್ತು. ಅಜ್ಜಿ ಅದನ್ನು ಬಹಳ ಹೊತ್ತು ನೋಡಿ, "ಚೆನ್ನಾಗಿದೆ. ಯಾರು ಹೇಳಿಕೊಟ್ಟರಂತೆ ಇವಳಿಗೆ?" ಎಂದು ನನ್ನ ಕಿವಿಯಲ್ಲಿ ಕೇಳಿದಳು.

ಗುರುವಾರ ಮಾವನಿಗೆ ಒಂದು ಯೋಚನೆ ಹೊಳೆಯಿತು. ಮಾವನಿಗೆ ಯೋಚನೆ ಹೊಳೆಯುವುದು ಊರಿಗೆ ಒಳ್ಳೆಯದಲ್ಲ. ದೊಡ್ಡವರು ಬಂದಾಗ ಒಂದೇ ಅಂಗಳದಲ್ಲಿ ಎಲೆಯಿದ್ದರೆ ಏನು ಚೆಂದ, ಊರಿಗೆ ಊರೇ ಕಲಿತಿದೆ ಎಂದು ಕಾಣಬೇಡವೇ? ಶನಿವಾರ ಮುಗಿಯುವ ತನಕ ಕಂಫಾತದಲ್ಲಿ ಯಾರೂ ಪೊರಕೆ ಮುಟ್ಟಬಾರದು ಎಂದು ಡಂಗುರ ಹೊಡೆಸಿದ. ಗುಡಿಸಿದವರು ಮುಖ್ಯಸ್ಥನಿಗೆ ಒಂದು ಕೋಳಿ ದಂಡ.

ಶುಕ್ರವಾರ ಬೆಳಿಗ್ಗೆ ಊರಿನಲ್ಲಿ ಪೊರಕೆ ಸದ್ದಿಲ್ಲ. ಕೋಳಿಗಳು ಹೊತ್ತು ತಿಳಿಯದೆ ಗೊಂದಲಕ್ಕೆ ಬಿದ್ದವು. ಹೆಂಗಸರಿಗೆ ಕೈ ತುರಿಸತೊಡಗಿತು. ಒಬ್ಬಳು ಮನೆಯ ಒಳಗೇ ನಾಲ್ಕು ಸಲ ಗುಡಿಸಿದಳು, ಇನ್ನೊಬ್ಬಳು ಎಲೆಗಳನ್ನು ಬೆರಳಿನಿಂದ ಒಂದೊಂದಾಗಿ ಹೆಕ್ಕುತ್ತ, ಇದು ಗುಡಿಸೋದಲ್ಲ, ಹುಡುಕೋದು ಎಂದು ವಾದಿಸಿದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಅಜ್ಜಿಯನ್ನು ಮುಂದೆ ಬಿಟ್ಟುಕೊಂಡು ಮಾವನ ಮನೆಗೆ ಹೋದರು.

"ಮಗನೇ, ಊರೆಲ್ಲ ಸಾವಿನ ಮನೆ ಥರ ಕಾಣ್ತಿದೆ."

"ಇದು ಅಭಿವೃದ್ಧಿ ಅಮ್ಮ."

"ಎರಡಕ್ಕೂ ಒಂದೇ ಮುಖ ಇದ್ರೆ ದಾರೀಲಿ ಹೋಗೋರಿಗೆ ಗೊತ್ತಾಗೋದು ಹೇಗೆ?"

ಮಾವ ಶನಿವಾರ ಮುಗೀಲಿ ಎಂದು ಒಳಗೆ ಹೋದ.

ಶನಿವಾರ ಬಂತು. ಬೆಳಿಗ್ಗೆ ಬರಬೇಕಾದ ದೊಡ್ಡವರು ಬರಲಿಲ್ಲ. ಸೂರ್ಯ ಏರಿದ ಹಾಗೆ ವೈಸನ್ ಭಾವ ಇಳಿಯುತ್ತಿದ್ದ. ಮನೆಯ ಹಿಂದೆ ಪೊರಕೆ ಬಚ್ಚಿಟ್ಟುಕೊಂಡಿದ್ದ. ಅವರು ಹೋದ ಕ್ಷಣ ಶುರು ಮಾಡುವುದು, ಊರು ನಕ್ಕರೆ ನಗಲಿ ಎಂದು ನನಗೆ ಹೇಳಿದ. ಊರೆಲ್ಲ ಅವನ ಅಂಗಳದಲ್ಲಿ ಕೂತಿತ್ತು. ಹೆಂಗಸರು ಬಿಸಿಲಿಗೆ ಚಿಟೆಂಜೆ ಬಟ್ಟೆಯನ್ನು ತಲೆಗೆ ಹೊದ್ದು ಒಂದು ಕಡೆ ನೆಲದ ಮೇಲೆ, ಗಂಡಸರು ಇನ್ನೊಂದು ಕಡೆ ದಿಮ್ಮಿಗಳ ಮೇಲೆ. ಅಡುಗೆಗೆ ಇಗರ್ಜಿಯಿಂದ ದೊಡ್ಡ ಕಪ್ಪು ಹಂಡೆಗಳನ್ನು ತಂದಿದ್ದರು. ಊರಿನಲ್ಲಿ ಅಷ್ಟು ದೊಡ್ಡವು ಇರುವುದು ತಿಥಿಯ ಹಂಡೆಗಳೇ. ಮಾವ ತನ್ನ ಕರಿ ಕೋಟು ತೊಟ್ಟಿದ್ದ. ಅವನಿಗಿರುವುದು ಒಂದೇ ಕೋಟು, ಅದನ್ನು ಅವನು ಮಣ್ಣಿಗೆ ಹೋಗುವಾಗ ಮಾತ್ರ ತೊಡುವುದು.

ಹನ್ನೊಂದೂವರೆಗೆ ದೊಡ್ಡವರ ವಾಹನ ಬಂತು. ತೆಳ್ಳಗಿನ ಮುದುಕ ಸಾಹೇಬ, ಜೊತೆಗೊಬ್ಬ ಹೆಂಗಸು, ಇಬ್ಬರ ಕೈಯಲ್ಲೂ ಕ್ಯಾಮೆರಾ. ಮಿಸ್ ವಾನಂಗ್ವಾ ಎಲ್ಲರನ್ನೂ ಸ್ವಾಗತಿಸಿ, ಈಗ ಕೇಂದ್ರದ ಪದ್ಧತಿಯಂತೆ ಮಣ್ಣಿಗೆ ಕೃತಜ್ಞತೆ ಹೇಳೋಣ, ತಲೆ ತಗ್ಗಿಸಿ ಐದು ನಿಮಿಷ ಮೌನ ಎಂದಳು. ಆಮೇಲೆ ಮುಖ್ಯ ಬೋಧಕರ ಭಾಷಣ. ಅದನ್ನು ಕೇಳಿದ್ದೇ, ಎಲ್ಲರೂ ತಲೆ ತಗ್ಗಿಸಿದ ಗಳಿಗೆ ನೋಡಿ ಮುಖ್ಯ ಬೋಧಕರು ಬಚ್ಚಲ ತಟ್ಟಿಯ ಹಿಂದೆ ಹೋಗಿ ಅಡಗಿ ಕೂತರು.

ಎನೆಲೆಸಿ ಅಕ್ಕ ಮಧ್ಯಾಹ್ನದ ಬಸ್ಸಿಗೆ ಬರಬೇಕಾದವಳು. ಆರು ದಿನದಿಂದ ಗಂಡ ಫೋನು ಎತ್ತುತ್ತಿಲ್ಲ ಎಂದು ನಸುಕಿನ ಬಸ್ಸಿಗೇ ಹೊರಟಿದ್ದಳು. ದೊಡ್ಡ ರಸ್ತೆಯಲ್ಲಿ ಇಳಿದು ಬಾಡಿಗೆ ಸೈಕಲ್ಲಿನ ಹಿಂದೆ ಕೂತು ಊರೊಳಗೆ ಬಂದಳು. ಮೊದಲ ಮನೆಯ ಅಂಗಳ ಗುಡಿಸಿಲ್ಲ. ಯಾರು ಹೋದರೋ ಪಾಪ ಅಂದುಕೊಂಡಳಂತೆ. ಎರಡನೆಯ ಮನೆ, ಮೂರನೆಯ ಮನೆ, ಅಜ್ಜಿಯ ಮನೆಯೂ ಗುಡಿಸಿಲ್ಲ. ಇಡೀ ಊರು ಪೊರಕೆ ಕೆಳಗಿಟ್ಟಿದೆ ಎಂದರೆ ಸತ್ತವರು ಸಾಮಾನ್ಯರಲ್ಲ. ಸೈಕಲ್ಲಿನವನು ಗೌರವಕ್ಕೆಂದು ಇಳಿದು ತಳ್ಳಿಕೊಂಡು ಬಂದ. ತಿರುವು ದಾಟಿದರೆ ಅವಳದೇ ಮನೆ. ಎಲೆ ಮುಚ್ಚಿದ ಅಂಗಳ, ಹಿಂಬಾಗಿಲು ತೆರೆದು ನಿಂತ ಬಿಳಿ ವಾಹನ, ತಿಥಿಯ ಹಂಡೆ, ಕರಿ ಕೋಟಿನಲ್ಲಿ ಮಾವ. ತಲೆ ತಗ್ಗಿಸಿ ಕೂತ ಊರು. ಎಲ್ಲರೂ ಇದ್ದಾರೆ, ಒಬ್ಬನಿಲ್ಲ.

ಅಕ್ಕ ಬಟ್ಟೆಗಂಟನ್ನು ಅಲ್ಲೇ ಕೈಬಿಟ್ಟಳು. ಎರಡು ಕೈ ತಲೆಯ ಮೇಲಿಟ್ಟುಕೊಂಡು ರಾಗ ಎಳೆದಳು.

"ಅಯ್ಯೋ ನನ್ನ ವೈಸನ್ನೇ, ಗುದ್ದಲಿ ನಿನ್ನ ಕೈಗೆ ಒಗ್ಗಲಿಲ್ಲ, ಅದಕ್ಕೆ ಗುದ್ದಲಿಯನ್ನ ಬೈದೆ, ನಿನ್ನನ್ನಲ್ಲ. ನನಗೆ ಜ್ವರ ಬಂದಾಗ ಹೆಂಗಸರ ಸಾಲಲ್ಲಿ ನಿಂತು ತಲೆ ಮೇಲೆ ಕೊಡ ಹೊತ್ತೆಯಲ್ಲೋ, ಊರು ನಕ್ಕರೂ ಮೂರು ದಿನ ಹೊತ್ತೆಯಲ್ಲೋ. ಮಕ್ಕಳಾಗಲಿಲ್ಲ ಅಂತ ನನ್ನವರೇ ಆಡಿಕೊಂಡಾಗ, ತಪ್ಪು ನಂದು ಅಂತ ಸುಳ್ಳು ಹೇಳಿದೆಯಲ್ಲೋ. ನಿನ್ನ ಸುಳ್ಳಿಲ್ಲದೆ ನನಗೆ ಮುದ್ದೆ ಗಂಟಲಲ್ಲಿ ಇಳಿಯಲ್ಲವಲ್ಲೋ..."

ಸಾವಿನ ಅಳುವನ್ನು ನಡುವೆ ನಿಲ್ಲಿಸುವವರು ನಮ್ಮಲ್ಲಿಲ್ಲ. ಸತ್ತವನು ಬದುಕಿದ್ದಾನೆ ಎನ್ನುವುದು ಅದಕ್ಕೆ ಸಾಕಾದ ಕಾರಣವೇ ಎಂದು ಯಾರಿಗೂ ಖಾತ್ರಿಯಿರಲಿಲ್ಲ. ಇಬ್ಬರು ಹೆಂಗಸರಂತೂ ಅಭ್ಯಾಸಬಲದಿಂದ ದನಿಗೂಡಿಸಿದರು. ಮಾವ ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡ. ಕ್ಯಾಮೆರಾ ಹಿಡಿದ ಸಾಹೇಬ, ಏನು ಹಾಡುತ್ತಿದ್ದಾರೆ ಎಂದು ಕೇಳಿದ. ಮಿಸ್ ವಾನಂಗ್ವಾಗೆ ಎಲ್ಲ ಅರ್ಥವಾಗಿತ್ತು, ಆದರೆ ಅವಳು ಬರೆಯಬೇಕಾದ ವರದಿಯೂ ಇತ್ತು. ಗಂಡಸರು ನೀರು ಹೊರುವುದರ ಬಗ್ಗೆ ಎಂದಳು. ಅದು ಸುಳ್ಳೂ ಅಲ್ಲ.

ಆಗ ತಟ್ಟಿಯ ಹಿಂದಿನಿಂದ ವೈಸನ್ ಭಾವ ಬಂದ. ಹಸಿರು ಟೋಪಿ ವಾರೆಯಾಗಿತ್ತು, ಮುಖವೆಲ್ಲ ಒದ್ದೆ. "ಎನೆಲೆಸಿ," ಎಂದ, "ಆ ಹಾಡು ಇನ್ನೂ ಇದೆಯಾ?"

ಅಕ್ಕ ಎಲೆಯ ಮೇಲೆ ಕುಸಿದು ಕೂತಳು. ಎಲೆ ಎಷ್ಟು ದಪ್ಪವಿತ್ತೆಂದರೆ ಏಟಾಗಲಿಲ್ಲ. ಅವನನ್ನು ಟೋಪಿಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಅಂಗಳವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ನೀನು ಸತ್ತಿಲ್ಲ."

"ಇಲ್ಲ."

"ಹಾಗಾದ್ರೆ ಅಂಗಳ ಯಾಕೆ ಹೀಗಿದೆ?"

ಈ ಪ್ರಶ್ನೆಗೆ ಹತ್ತು ಪಾಠಗಳಲ್ಲಿ ಉತ್ತರವಿತ್ತು, ಭಾವ ಪೊರಕೆ ಬಚ್ಚಿಟ್ಟ ಕಡೆ ನೋಡಿದ. ಅಕ್ಕ ಎದ್ದು, ಮನೆಯ ಹಿಂದೆ ಹೋಗಿ, ಪೊರಕೆ ಹಿಡಿದುಕೊಂಡು ಬಂದಳು. ದೊಡ್ಡವರ ಕಾಲು, ಹಾಳೆ, ಬಾಣದ ಗುರುತು ಯಾವುದನ್ನೂ ಲೆಕ್ಕಿಸದೆ ಗುಡಿಸತೊಡಗಿದಳು. ಮೊದಲ ಗೀರು ಎದ್ದ ಸದ್ದಿಗೆ ಊರಿನ ಹೆಂಗಸರೆಲ್ಲ ಒಟ್ಟಿಗೆ ಎದ್ದರು, ತಂತಮ್ಮ ಮನೆಗೆ ಓಡಿದರು. ಕೋಳಿ ದಂಡವನ್ನು ಯಾರೂ ನೆನೆಸಿಕೊಳ್ಳಲಿಲ್ಲ. ಕಂಫಾತದ ತುಂಬ ಪೊರಕೆ ಸದ್ದು ಮಳೆಯ ಹಾಗೆ ಎದ್ದಿತು.

ಗುಡಿಸಿದ ಎಲೆ ಬುಟ್ಟಿ ಬುಟ್ಟಿಯಾಗಿ ಎಲ್ಲಿಗೆ ಹೋಗುತ್ತಿದೆ ಎಂದು ನೋಡಲು ಸಾಹೇಬ ಹಿಂದೆಯೇ ಹೋದ. ಅಜ್ಜಿಯ ಹಿತ್ತಲಿಗೆ. ಅಲ್ಲಿ ಗುಂಡಿ, ಬಾಳೆ, ತೊಗರಿ, ಬೂದಿ ಎರಚಿದ ಸೊಪ್ಪಿನ ಮಡಿ. ಸಾಹೇಬ ಟೋಪಿ ತೆಗೆದ. ಎಷ್ಟು ಕಾಲದಿಂದ ಎಂದು ಕೇಳಿಸಿದ. ನಮ್ಮಮ್ಮನ ಕಾಲದಿಂದ ಎಂದಳು ಅಜ್ಜಿ. ಮಿಸ್ ವಾನಂಗ್ವಾ ಅದನ್ನು ಅವರ ಭಾಷೆಗೆ ತಿರುಗಿಸಿ, ಸೋಮವಾರದಿಂದ ನಮ್ಮ ತರಗತಿಗೆ ಬರುತ್ತಿದ್ದಾರೆ ಎಂದಳು. ಐದೇ ದಿನದಲ್ಲಿ ಇಷ್ಟೊಂದಾ ಎಂದು ಸಾಹೇಬ ಬೆರಗಾಗಿ ಬರೆದುಕೊಂಡ. ಅಜ್ಜಿಗೆ ಆವತ್ತು ಪ್ರಮಾಣಪತ್ರ ಸಿಕ್ಕಿತು: ಪ್ರಾರಂಭಿಕ ಹಂತ, ತೃಪ್ತಿಕರ.

ವಾಹನಗಳು ಹೋದ ಮೇಲೆ ಮಾವ ಮನೆಯವರನ್ನು ಮಾವಿನ ಮರದ ಕೆಳಗೆ ಕೂರಿಸಿದ. ಕೋಟು ಕಳಚಿಟ್ಟ, ಈಗ ಮುಖ್ಯಸ್ಥನಲ್ಲ. ಅಂಗಳದ ಮಣ್ಣು ಕಾಣುತ್ತಿದೆ, ಆದರೆ ಅಳಿಯ ಗುಡಿಸಿದ್ದಲ್ಲ ಎಂದು ಶುರು ಮಾಡಿದ. ಭಾವ ಚಾಪೆಯನ್ನು ತಾನೇ ಸುತ್ತಿಕೊಂಡು ಬಂದು ಮುಂದಿಟ್ಟಿದ್ದ.

"ಆದ್ರೆ ಸಾವಿನ ಅಳುವಿನಲ್ಲಿ ಆಡಿದ ಮಾತು ಸಾಕ್ಷಿ," ಎಂದ ಮಾವ. "ಊರೆಲ್ಲ ಕೇಳಿದೆ. ಮದುವೆ ಇರುತ್ತೆ."

"ಅದನ್ನ ಹೇಳಿದ್ದು ಸತ್ತವನಿಗೆ ಮಾವ," ಎಂದಳು ಅಕ್ಕ. "ಇವನು ಬೇರೆ."

"ಅತ್ತಿದ್ದನ್ನ ವಾಪಸ್ ತಗೊಳ್ಳೋಕೆ ಬರಲ್ಲ ಮಗಳೇ. ಬೇಕಾದ್ರೆ ದಂಡ ಹಾಕು."

ಅಕ್ಕ ದಂಡ ಹಾಕಿದಳು. ಈಗ ಕಂಫಾತದಲ್ಲಿ ದಿನಾ ಬೆಳಗಾಗುವಾಗ ಹಲಗೆಯ ಪಕ್ಕ ಹಸಿರು ಟೋಪಿಯ ಗಂಡಸೊಬ್ಬ ಪೊರಕೆ ಹಿಡಿದಿರುತ್ತಾನೆ. ನೀರಿಗೆ ಹೊರಟ ಹೆಂಗಸರು ನಕ್ಕರೆ, ಇದು ಹನ್ನೊಂದನೆಯ ಪಾಠ, ನಿಮಗೆ ಇನ್ನೂ ಬಂದಿಲ್ಲ ಎನ್ನುತ್ತಾನೆ. ಅಕ್ಕ ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತ ಮೂಲೆಗಳನ್ನು ನೋಡುತ್ತಿರುತ್ತಾಳೆ.

ಮೊನ್ನೆ ನಾನು ದಾಟಿ ಹೋಗುವಾಗ ಭಾವ ಪೊರಕೆ ನಿಲ್ಲಿಸಿ ಕೇಳುತ್ತಿದ್ದ. "ಆವತ್ತಿನ ಆ ಹಾಡು ಎನೆಲೆಸಿ, ಕೊಡ ಹೊತ್ತೆ ಅಂದದ್ದರಿಂದ ಮುಂದಕ್ಕೆ ನಂಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹಾಡ್ತೀಯಾ?"

"ಮೊದಲು ಆ ಮೂಲೆ ಗುಡಿಸು," ಎಂದಳು ಅಕ್ಕ, ಸೊಪ್ಪಿನಿಂದ ಕಣ್ಣೆತ್ತದೆ. "ಸತ್ತಾಗ ನೋಡೋಣ."